ಹೊಲದಲ್ಲಿ ಕುಳಿತವರ ಲೆಕ್ಕ: ಗಡಿ ತಾಲೂಕುಗಳ ಸರಪಂಚರಿಗೆ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರದ ಅಕ್ಕಲಕೋಟ, ದಕ್ಷಿಣ ಸೋಲಾಪುರ ಮತ್ತು ಜತ್ತ ತಾಲೂಕುಗಳ ಗ್ರಾಮಪಂಚಾಯತಿಗಳ ಮಾನ್ಯ ಸರಪಂಚರಿಗೆ ಹಾಗೂ ಸದಸ್ಯರಿಗೆ,

ಶರಣು. ಊರಿನ ಸಮಾಧಿಗಳನ್ನು ಒಂದು ವಹಿಯಲ್ಲಿ, ಎಂದರೆ ದಾಖಲೆಯ ಪುಸ್ತಕದಲ್ಲಿ, ಬರೆದಿಡಿ ಎಂದು ಕೇಳಲು ಈ ಪತ್ರ. ನಿಮ್ಮಲ್ಲಿ ಕೆಲವರು ನನ್ನ ಕೈಯಲ್ಲಿ ಅಕ್ಷರ ಕಲಿತವರು. ಪತ್ರ ಉದ್ದವಾದರೂ ಬೈದುಕೊಂಡು ಕೊನೆಯವರೆಗೆ ಓದುತ್ತೀರಿ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಹೋದ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಗಿಡದ ನೆರಳಿನಲ್ಲಿ ಊಟಕ್ಕೆ ಕುಳಿತಿದ್ದೆವು. ನಮ್ಮ ಹೊಲದಲ್ಲಿ ಸಮಾಧಿಗಳು ಎಷ್ಟಿವೆ ಎಂದು ಮಾತಿನ ನಡುವೆ ಕೇಳಿದೆ. ತಮ್ಮ 14 ಎಂದ. ದೊಡ್ಡಪ್ಪನ ಮಗ 17 ಎಂದ. ಎಂಬತ್ತು ದಾಟಿದ ನಮ್ಮ ಸೋದರತ್ತೆ ಕೈಯಲ್ಲಿದ್ದ ಸಜ್ಜೆ ಕಡಬನ್ನು ತಾಟಿನಲ್ಲಿಟ್ಟು, "ಕಲ್ಲು ಎಣಿಸುತ್ತೀರೋ, ಮಂದಿಯನ್ನು ಎಣಿಸುತ್ತೀರೋ?" ಎಂದರು. ಆ ಮೇಲೆ ಮೂರು ವಾರ ನಾನು ಅತ್ತೆಯ ಹಿಂದೆ ವಹಿ ಹಿಡಿದು ತಿರುಗಿದೆ. ಈಗ ವಹಿಯಲ್ಲಿ 31 ಜನರಿದ್ದಾರೆ. ಅಕ್ಷರವಿರುವ ಕಲ್ಲು 12, ಅಕ್ಷರವಿಲ್ಲದ ಕಲ್ಲು 9. ಉಳಿದ 10 ಜನರ ಮೇಲೆ ಏನೂ ಇಲ್ಲ, ಜೋಳ ಬೆಳೆಯುತ್ತದೆ.

ಊಟದ ನಡುವೆ ಇಂಥ ಪ್ರಶ್ನೆ ಏಕೆ ಬಂತು ಎಂದರೆ, ಕಳೆದ ಬೇಸಿಗೆಯಲ್ಲಿ ನಮ್ಮ ಭಾವಕಿಯವರೊಬ್ಬರು (ದಾಯಾದಿಗಳು) ತಮ್ಮ ಪಾಲಿನ ಹೊಲ ಮಾರಿದರು. ಕೊಂಡವರು ಪರಊರಿನವರು, ಕಬ್ಬು ಹಚ್ಚುವವರು. ಜೆಸಿಬಿ ತಂದು ಒಂದೇ ದಿನದಲ್ಲಿ ಬಾಂದು (ಹೊಲದ ಬದು) ಕಿತ್ತು ಹೊಲ ಸಮ ಮಾಡಿದರು. ಬಾಂದಿನ ಬದಿಯಲ್ಲಿ ಸುಮಾರು ಎರಡು ಗುಂಟೆಯಲ್ಲಿ ನಮ್ಮ ಮುತ್ತ್ಯಾನ ಅಣ್ಣತಮ್ಮಂದಿರ ಕಡೆಯವರ ಸಮಾಧಿಗಳಿದ್ದವು. ನಾವು ಓಡಿ ಹೋಗುವ ಹೊತ್ತಿಗೆ ಕಲ್ಲುಗಳು ಹಳ್ಳದ ದಂಡೆಯಲ್ಲಿ ರಾಶಿಯಾಗಿದ್ದವು. ಕೊಂಡವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಖರೀದಿ ಖತ ತೋರಿಸಿದರು, ಸಾತಬಾರಾ ಉತಾರ (ಹೊಲದ ಸರಕಾರಿ ಪಹಣಿ) ತೋರಿಸಿದರು. ಎರಡರಲ್ಲಿಯೂ ಸಮಾಧಿಯ ಸುಳಿವಿರಲಿಲ್ಲ. "ಮಾಸ್ತರರೇ, ಹೇಳಿದ್ದರೆ ಬಿಟ್ಟು ಉಳುತ್ತಿದ್ದೆ. ನಮ್ಮ ಹೊಲದಲ್ಲಿಯೂ ನಮ್ಮ ಹಿರಿಯರಿದ್ದಾರೆ" ಎಂದು ಆ ಮನುಷ್ಯ ಹೇಳಿದಾಗ ನಾನು ತಲೆ ತಗ್ಗಿಸಿದೆ. ಮಾರಿದವರು ಹೇಳಿರಲಿಲ್ಲ, ಏಕೆಂದರೆ ಹೇಳಿದರೆ ದರ ಕಡಿಮೆಯಾಗುತ್ತದೆ. ನಾವು ಹೇಳಿರಲಿಲ್ಲ, ಏಕೆಂದರೆ ನಮ್ಮನ್ನು ಯಾರೂ ಕೇಳಿರಲಿಲ್ಲ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. ಹಳೆಯ ದಂಡಸಂಹಿತೆಯ 297ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 301. ಹೂಳುವ ಜಾಗಕ್ಕೆ ನುಗ್ಗಿ ಅಪಚಾರ ಮಾಡಿದವರಿಗೆ ಒಂದು ವರ್ಷದವರೆಗೆ ಶಿಕ್ಷೆ. ಆದರೆ ಆ ಕಲಮು ನಿಂತಿರುವುದು ಎರಡು ಮಾತಿನ ಮೇಲೆ: ಮಾಡಿದವನಿಗೆ ಇನ್ನೊಬ್ಬರ ಮನಸ್ಸು ನೋಯಿಸುವ ಉದ್ದೇಶ ಇರಬೇಕು, ಇಲ್ಲವೇ ನೋಯುತ್ತದೆ ಎಂಬ ತಿಳಿವಳಿಕೆ ಇರಬೇಕು. ಯಾವ ಕಾಗದದಲ್ಲಿಯೂ ಇಲ್ಲದ ಸಮಾಧಿಯ ಮೇಲೆ ಕುಂಟೆ ಹೊಡೆದವನಿಗೆ ತಿಳಿವಳಿಕೆ ಎಲ್ಲಿಂದ ಬರಬೇಕು? ಅವನು ನನಗೆ ಗೊತ್ತಿರಲಿಲ್ಲ ಎಂದರೆ ಅದು ನಿಜವೇ ಆಗಿರುತ್ತದೆ.

ನಮ್ಮ ಕಡೆಯ ರೀತಿ ತಿಳಿಯದ ಓದುಗರಿಗೆ ಎರಡು ಮಾತು. ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ, ಹೂಳುತ್ತಾರೆ. ಅದೂ ಮಲಗಿಸಿ ಅಲ್ಲ, ಕೂಡಿಸಿ. ಕುಣಿಯ ಒಂದು ಮಗ್ಗುಲಿಗೆ ಗೂಡು ಕೊರೆದು, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚುತ್ತಾರೆ. ಹೊಲವಿದ್ದವರು ತಮ್ಮ ಹೊಲದಲ್ಲಿಯೇ ಹೂಳುವುದು ಈ ಸೀಮೆಯ ಹಳೆಯ ವಾಡಿಕೆ. ಕುಳಿತವರಿಗೆ ಮಲಗಿದವರಷ್ಟು ಜಾಗ ಬೇಡ. ಆದ್ದರಿಂದ ಮೇಲಿನ ಗುರುತು ಆಳುದ್ದ ಇರುವುದಿಲ್ಲ, ಒಂದು ಸಣ್ಣ ಚೌಕ ಅಥವಾ ದುಂಡನೆಯ ಗುಡ್ಡೆ, ಅಷ್ಟೆ. ಹೊರಗಿನವರ ಕಣ್ಣಿಗೆ ಅದು ಸಮಾಧಿಯಂತೆ ಕಾಣುವುದೇ ಇಲ್ಲ. ಯಾರೋ ಕಲ್ಲು ಆಯ್ದು ಬಾಂದಿನ ಬದಿಗೆ ಹಾಕಿದ್ದಾರೆ ಎಂದುಕೊಳ್ಳುತ್ತಾರೆ.

ಮೇಲಾಗಿ ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ನೆಟ್ಟ ಕಲ್ಲನ್ನು ವರ್ಷಕ್ಕಿಷ್ಟು ವಾಲಿಸಿ, ಕೊನೆಗೆ ಮಲಗಿಸಿ, ಮೇಲೆ ಮಣ್ಣು ಎಳೆದುಕೊಳ್ಳುತ್ತದೆ. ನಮ್ಮ 21 ಕಲ್ಲುಗಳಲ್ಲಿ 4 ಕಲ್ಲು ಸಿಕ್ಕಿದ್ದು ಮಣ್ಣಿನ ಒಳಗೆ, ಗೇಣು ಆಳದಲ್ಲಿ. ಅತ್ತೆ ಕೋಲಿನಿಂದ ತೋರಿಸಿದ ಜಾಗವನ್ನು ಕುರ್ಪಿಯಿಂದ ಕೆರೆದಾಗ ಟಣ್ ಎಂದಿತು. ತಮ್ಮನೂ ದೊಡ್ಡಪ್ಪನ ಮಗನೂ ತಪ್ಪು ಎಣಿಸಿರಲಿಲ್ಲ ಎನ್ನಬೇಕು, ಮೇಲೆ ಕಂಡದ್ದನ್ನು ಎಣಿಸಿದ್ದರು. ಎಣಿಕೆ ಮುಗಿದ ಮೇಲೆ ಇಬ್ಬರಿಗೂ ಬೇಕಾದಷ್ಟು ಅನ್ನಿಸಿಕೊಳ್ಳಬೇಕಾಯಿತು, ಅದು ಬೇರೆ ಮಾತು.

ಸರಕಾರದ ಕಾಗದದಲ್ಲಿ ಇವರಿಗೆಲ್ಲ ಜಾಗವೇ ಇಲ್ಲವೆಂದಲ್ಲ, ಇರುವ ಜಾಗ ಇವರಿಗೆ ಸಲ್ಲುತ್ತಿಲ್ಲ. ಮಹಾರಾಷ್ಟ್ರದ ಭೂ ಮಹಸೂಲ ನಿಯಮಗಳಲ್ಲಿ ಪೋಟಖರಾಬ, ಎಂದರೆ ಬೇಸಾಯಕ್ಕೆ ಬಾರದ ಜಾಗ, ಎಂಬ ಬಾಬು ಇದೆಯಲ್ಲ, ಅದರ 'ಬ' ವರ್ಗದಲ್ಲಿ ರಸ್ತೆ, ಹಳ್ಳ, ಕೆರೆಗಳ ಸಂಗಡ ಒಂದು ಸಮುದಾಯ ಅಥವಾ ಸಾರ್ವಜನಿಕರು ಬಳಸುವ ಸ್ಮಶಾನವೂ ಬರುತ್ತದೆ. ಊರ ಸ್ಮಶಾನವಾದರೆ ಉತಾರದಲ್ಲಿ ಕಾಣುತ್ತದೆ. ಒಂದು ಮನೆತನ ನೂರೈವತ್ತು ವರ್ಷಗಳಿಂದ ಹೂಳುತ್ತ ಬಂದ ಎರಡು ಗುಂಟೆ ಕಾಣುವುದಿಲ್ಲ, ಅದು ಬಿತ್ತುವ ಭೂಮಿಯಲ್ಲಿಯೇ ಕರಗಿರುತ್ತದೆ. 2021ರಿಂದ ಇ-ಪೀಕ ಪಾಹಣಿ ಬಂದಿದೆ. ರೈತ ತಾನೇ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಮೊಬೈಲಿನಿಂದ ಏರಿಸಬೇಕು. ಹೋದ ವರ್ಷ ನಾನು ತೊಗರಿಯ ಚಿತ್ರ ತೆಗೆಯುವಾಗ ಚೌಕಟ್ಟಿನ ಮೂಲೆಯಲ್ಲಿ ಮುತ್ತ್ಯಾನ ಗದ್ದಿಗೆಯೂ ಬಿದ್ದಿತ್ತು. ತೊಗರಿ ದಾಖಲಾಯಿತು. ಮುತ್ತ್ಯಾ ಚಿತ್ರದಲ್ಲಿದ್ದರೂ ದಾಖಲೆಗೆ ಬರಲಿಲ್ಲ.

ಇನ್ನೊಂದು ಕತೆ ಹಿರಿಯರಿಗೆ ನೆನಪಿರುತ್ತದೆ. 1947ರ ಕಾಯ್ದೆಯ ಪ್ರಕಾರ ಭೂಮಿಯ ಏಕತ್ರೀಕರಣ ನಡೆಯಿತು. ಅಲ್ಲಲ್ಲಿ ಚೂರಾಗಿದ್ದ ಹೊಲಗಳನ್ನು ಅದಲುಬದಲು ಮಾಡಿ ಒಟ್ಟುಗೂಡಿಸಿ, ಸರ್ವೆ ನಂಬರ ಹೋಗಿ ಗಟ್ ನಂಬರ ಬಂತು. ಬೇಸಾಯದ ಲೆಕ್ಕಕ್ಕೆ ಒಳ್ಳೆಯದೇ. ಆದರೆ ಹೊಲದ ಸಂಗಡ ಹಿರಿಯರು ಎದ್ದು ಬರುವುದಿಲ್ಲ. ಎಷ್ಟೋ ಮನೆತನಗಳ ಸಮಾಧಿಗಳು ಆಗ ಬೇರೆಯವರ ಗಟ್ಟಿನಲ್ಲಿ ಉಳಿದವು. ಅದಲುಬದಲು ಮಾಡಿಕೊಂಡ ತಲೆಮಾರಿಗೆ ಗೊತ್ತಿತ್ತು, ಅವರು ಬಿಟ್ಟು ಉಳುತ್ತಿದ್ದರು, ಅಮಾವಾಸ್ಯೆಗೆ ಕಾಯಿ ಒಡೆಯಲು ಬಂದವರಿಗೆ ನೀರು ಕೊಡುತ್ತಿದ್ದರು. ಅವರ ಮೊಮ್ಮಕ್ಕಳು ಪುಣೆಯಲ್ಲಿದ್ದಾರೆ, ಹೊಲ ಪಾಲಿಗೆ ಕೊಟ್ಟಿದ್ದಾರೆ. ಪಾಲಿಗೆ ಮಾಡುವವನಿಗೆ ಯಾವ ಕಲ್ಲು ಯಾರದು ಎಂದು ಹೇಳುವವರು ಯಾರು?

ನಾನು ಕೇಳುವುದು ದೊಡ್ಡದೇನಲ್ಲ. ಊರಿಗೊಂದು ವಹಿ ಇಡಿ. ಆ ಊರಿನ ಸೀಮೆಯೊಳಗೆ ಯಾವ ಗಟ್ಟಿನಲ್ಲಿ ಯಾವ ಮನೆತನದ ಎಷ್ಟು ಸಮಾಧಿಗಳಿವೆ ಎಂದು ಅದರಲ್ಲಿ ಬರೆಯಲಿ. ಗ್ರಾಮಸಭೆ ಅದನ್ನು ಓದಿ ಒಪ್ಪಿ ಠರಾವು ಮಾಡಲಿ. ಇದಕ್ಕೆ ಮೇಲಿನಿಂದ ಆದೇಶ ಬರಬೇಕಿಲ್ಲ, ನಿಧಿ ಬೇಕಿಲ್ಲ. ನನ್ನ ಖರ್ಚು ಹೇಳುತ್ತೇನೆ: ಗಟ್ಟಿ ರಟ್ಟಿನ ಒಂದು ವಹಿ, ಎರಡು ಪೆನ್ನು, ಒಂದು ಮೃದು ಬ್ರಶ್ಶು. 30 ಮೀಟರಿನ ಟೇಪು ಶಾಲೆಯಿಂದ ಎರವಲು. ಮೊಬೈಲು ಎಲ್ಲರ ಕಿಸೆಯಲ್ಲಿದೆ. ಕನ್ನಡಿ ಮನೆಯದು.

ಕನ್ನಡಿ ಏಕೆಂದರೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ನಾನು ಮೊದಲ ವಾರ ಈ ಮೂರ್ಖತನ ಮಾಡಿದೆ, ಹನ್ನೆರಡು ಗಂಟೆಗೆ ಹೋಗಿ ಕಲ್ಲಿನ ಚಿತ್ರ ತೆಗೆದು, ಮನೆಗೆ ಬಂದು ನೋಡಿದರೆ ಬರಿಯ ಬೂದು. ಬೆಳಕು ಮಗ್ಗುಲಿನಿಂದ ಸವರಿಕೊಂಡು ಬೀಳಬೇಕು. ಆಗ ಕೂದಲೆಳೆಯಷ್ಟು ಉಳಿದ ಗೆರೆಯೂ ನೆರಳು ಹಿಡಿದು ಎದ್ದು ನಿಲ್ಲುತ್ತದೆ. ಬೆಳಗಿನ ಎಂಟಕ್ಕೆ, ಸಂಜೆಯ ಐದಕ್ಕೆ ಹೋಗಬೇಕು. ಹೊತ್ತು ಮೀರಿದ್ದರೆ ಕನ್ನಡಿಯಿಂದ ಬಿಸಿಲನ್ನು ಮಗ್ಗುಲಿಗೆ ತಿರುಗಿಸಬೇಕು. ಎಲ್ಲಕ್ಕಿಂತ ಒಳ್ಳೆಯದು ರಾತ್ರಿ ಬ್ಯಾಟರಿ. ನಾನು, ತಮ್ಮ, ಅವನ ಮಗಳು ಮೂವರೂ ರಾತ್ರಿ ಸಮಾಧಿಗಳ ನಡುವೆ ಬ್ಯಾಟರಿ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತದ್ದನ್ನು ಪಕ್ಕದ ಹೊಲದ ನೀರು ಕಟ್ಟುವ ಹುಡುಗ ಕಂಡು, ಊರಲ್ಲಿ ಏನು ಹಬ್ಬಿಸಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹಳೆಯ ಗದ್ದಿಗೆಗಳ ಕೆಳಗೆ ನಿಧಿ ಇದೆ ಎಂದು ಅಗೆಯುವ ಮಂದಿ ನಮ್ಮ ಕಡೆಯೂ ಇದ್ದಾರೆ, ಅವನ ಅನುಮಾನ ತೀರ ತಪ್ಪಲ್ಲ. ಅದಕ್ಕೇ ಹೇಳುತ್ತೇನೆ, ವಹಿ ಪಂಚಾಯತಿಯ ಕಪಾಟಿನಲ್ಲಿರಲಿ. ಯಾವ ಗದ್ದಿಗೆ ಎಲ್ಲಿದೆ ಎಂದು ನಕಾಶೆ ಸಹಿತ ವಾಟ್ಸಾಪಿನಲ್ಲಿ ಹಂಚಬೇಡಿ.

ಕಲ್ಲು ತೊಳೆಯುವ ವಿಷಯದಲ್ಲಿ ನಮ್ಮ ಮನೆಯ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಹಳೆಯವು ಕರಿಕಲ್ಲು, ನಂತರದವು ಶಹಾಬಾದಿ ಫರಸಿ. ಫರಸಿ ಎಂದರೆ ಸುಣ್ಣದ ಕಲ್ಲು, ಪದರು ಪದರಾಗಿ ಏಳುವ ಗುಣದ್ದು. ನನ್ನ ಭಾವಮೈದುನ ಉಮೇದಿನಿಂದ ಪಾಯಖಾನೆ ತೊಳೆಯುವ ಆ್ಯಸಿಡ್ ತಂದು ಒಂದು ಫರಸಿಯ ಮೇಲೆ ಸುರಿದರು. ನೊರೆ ಬಂತು. ಕಲ್ಲು ಹೊಸದರಂತೆ ಬೆಳ್ಳಗಾಯಿತು, ಎರಡು ಸಾಲು ಅಕ್ಷರವೂ ಹೋಯಿತು. ಸುಣ್ಣದ ಕಲ್ಲನ್ನು ಆ್ಯಸಿಡ್ ತಿನ್ನುತ್ತದೆ ಎಂದು ಏಳನೆಯ ತರಗತಿಗೆ ನಾನೇ ಕಲಿಸಿದ ಪಾಠ. ನೀರು, ಮೃದು ಬ್ರಶ್ಶು, ಇಷ್ಟೇ ಸಾಕು. ತಂತಿಯ ಬ್ರಶ್ಶು, ಚಾಕು, ಅಕ್ಷರದೊಳಗೆ ಸುಣ್ಣದಕಡ್ಡಿ ತುಂಬುವುದು ಯಾವುದೂ ಬೇಡ. ಪದರು ಎದ್ದ ಕಲ್ಲಿಗೆ ನೀರನ್ನೂ ಮುಟ್ಟಿಸಬೇಡಿ, ಇದ್ದಂತೆ ಚಿತ್ರ ತೆಗೆದುಕೊಳ್ಳಿ.

ಬಣ್ಣದ ಕತೆ ಇದಕ್ಕಿಂತ ಸೊಗಸು. ಹಬ್ಬಕ್ಕೊಮ್ಮೆ ಸಮಾಧಿಗೆ ಸುಣ್ಣ ಬಳಿದು ಅಕ್ಷರಗಳಿಗೆ ಕೆಂಪು ಬಣ್ಣ ತುಂಬುವುದು ನಮ್ಮಲ್ಲಿ ರೂಢಿ. ಒಮ್ಮೆ ಈ ಕೆಲಸಕ್ಕೆ ಬಂದ ಪೇಂಟರನಿಗೆ ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಅವನಿಗೆ 'ಪ' ಮತ್ತು 'ವ' ಒಂದೇ ರೀತಿ ಕಂಡವು. ಹೆಸರಿನ ಕೊನೆಯ 'ಪ್ಪ' ಹೋಗಿ 'ವ್ವ' ಆಯಿತು. ನಮ್ಮ ಮುತ್ತ್ಯಾನ ತಮ್ಮ ಮೂವತ್ತು ವರ್ಷ ಹೆಂಗಸಾಗಿ ಕುಳಿತಿದ್ದರು. ಮನೆಯ ಸೊಸೆಯಂದಿರು ಆ ಕಲ್ಲಿಗೆ ಕುಪ್ಪಸದ ಖಣ ಏರಿಸುತ್ತಿದ್ದರು. ಅದಕ್ಕೇ ವಹಿಯಲ್ಲಿ ಎರಡು ಕಡೆ ಬರೆಯಬೇಕು. ಕಲ್ಲಿನ ಮೇಲೆ ಹೇಗಿದೆಯೋ ಹಾಗೆ, ತಪ್ಪಿದ್ದರೆ ತಪ್ಪು ಸಹಿತ, ಅಳಿಸಿದ ಕಡೆ ಚುಕ್ಕೆ ಇಟ್ಟು, ಒಂದು ಕಡೆ. ಮನೆಯವರು ಏನು ಹೇಳುತ್ತಾರೋ ಅದು, ಹೇಳಿದವರ ಹೆಸರು ಮತ್ತು ತಾರೀಖು ಸಹಿತ, ಇನ್ನೊಂದು ಕಡೆ. ಎರಡನ್ನೂ ಕಲಸಿ ನಾವು ಜಾಣರಾಗಿ ತಿದ್ದಿ ಬರೆದರೆ ಮುಂದಿನವರಿಗೆ ಯಾವುದು ಕಲ್ಲಿನ ಮಾತು, ಯಾವುದು ಬಾಯಿಯ ಮಾತು ತಿಳಿಯುವುದಿಲ್ಲ.

ಜಾಗದ ವಿಷಯ. ಮೊಬೈಲಿನ ಜಿಪಿಎಸ್ ನಂಬಿ ಕೂಡಬೇಡಿ. ಬಯಲಿನಲ್ಲಿಯೂ ಅದು ಮೂರರಿಂದ ಐದು ಮೀಟರ ಆಚೀಚೆ ತೋರಿಸುತ್ತದೆ; ನಮ್ಮ ಸಮಾಧಿಗಳು ಒಂದಕ್ಕೊಂದು ಎರಡು ಮಾರಿನ ಒಳಗಿವೆ. ಅಜ್ಜನ ಹೆಸರು ಮೊಮ್ಮಗನ ಮೇಲೆ ಬೀಳುತ್ತದೆ. ಬಾವಿಯ ಮೂಲೆ, ಗಟ್ಟಿನ ಹದ್ದುಗಲ್ಲು, ದೊಡ್ಡ ಬೇವಿನ ಗಿಡ, ಇಂಥ ಅಲ್ಲಾಡದ ಎರಡು ಗುರುತು ಹಿಡಿದು ಎರಡರಿಂದಲೂ ಟೇಪಿನಿಂದ ಅಳೆದು ಬರೆಯಿರಿ. ಗಿಡ ಒಂದೇ ಗುರುತಾಗಬಾರದು, ಗಿಡ ಕಡಿಯುತ್ತಾರೆ.

ಈಗ ತಾರೀಖಿಗೆ ಬರುತ್ತೇನೆ, ನನಗೆ ನಿದ್ದೆಗೆಡಿಸಿದ್ದು ಅದೇ. ಹಳೆಯ ಕಲ್ಲುಗಳಲ್ಲಿ ಇಸವಿ ಇಲ್ಲ. ಶಕೆ ಇದ್ದರೆ 78 ಕೂಡಿಸಿದರೆ ಆಯಿತು, ಪುಷ್ಯ ಮಾಘ ಫಾಲ್ಗುಣ ಬಂದರೆ ಸಾಮಾನ್ಯವಾಗಿ 79. ಆದರೆ ಬಡವರು ಅಕ್ಷರಕ್ಕೆ ಇಷ್ಟೆಂದು ಕೂಲಿ ಕೊಟ್ಟು ಕೆತ್ತಿಸಿದವರು. ಬರಿಯ ಸಂವತ್ಸರ, ಮಾಸ, ತಿಥಿಗೆ ಮುಗಿಸಿದ್ದಾರೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ನಮ್ಮ ಹೊಲದ ಪಡುವಣ ಸಾಲಿನ ನಾಲ್ಕು ಕಲ್ಲುಗಳ ಮೇಲೆ 'ಕಾಳಯುಕ್ತಿ ಸಂ. ಆಶ್ವೀಜ ಬ.' ಎಂದಿದೆ. ಕಾಳಯುಕ್ತಿ 1858ರಲ್ಲಿ ಬಂತು, 1918ರಲ್ಲಿ ಬಂತು, 1978ರಲ್ಲಿ ಬಂತು. 1978 ಅಲ್ಲ, ಆಗ ನಾನೇ ಇದ್ದೆ. ಉಳಿದ ಎರಡರಲ್ಲಿ ಯಾವುದು?

ಕಲ್ಲು ಹೇಳಲಿಲ್ಲ, ಅತ್ತೆ ಹೇಳಿದರು. ಅವರು ಹುಟ್ಟುವುದಕ್ಕೆ ಮುಂಚಿನದು, ಆದರೆ ಅವರ ಅಜ್ಜಿ ಆ ಸಾಲಿನ ಮುಂದೆ ಬಂದಾಗಲೆಲ್ಲ "ಜ್ವರದ ವರ್ಷದವರು" ಎನ್ನುತ್ತಿದ್ದರಂತೆ. ಒಂದು ವಾರದಲ್ಲಿ ಮನೆಯಿಂದ ನಾಲ್ವರು. ಕೊನೆಯವರನ್ನು ಮಣ್ಣಿಗೆ ಒಯ್ಯುವಾಗ ಹೊರಲು ಗಂಡಸರಿಲ್ಲದೆ ಬಂಡಿಯಲ್ಲಿ ಒಯ್ದರಂತೆ, ವಿಮಾನ (ಹೆಣ ಕೂಡಿಸಿ ಒಯ್ಯುವ ಚಟ್ಟ) ಕಟ್ಟಲಿಲ್ಲವಂತೆ. 1918ರ ಇನ್‌ಫ್ಲುಯೆಂಜಾ ಮುಂಬಯಿಗೆ ಕಾಲಿಟ್ಟದ್ದು ಜೂನ್‌ನಲ್ಲಿ. ಎರಡನೆಯ ಸಲ, ಮೊದಲಿಗಿಂತ ಉಗ್ರವಾಗಿ, ಮುಂಬಯಿ ಪ್ರಾಂತ್ಯದ ಒಳನಾಡಿಗೆ ಹಬ್ಬಿದ್ದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ಗಳಲ್ಲಿ. ಆ ವರ್ಷದ ಆಶ್ವೀಜ ಬಹುಳವೆಂದರೆ ಅಕ್ಟೋಬರ್ ಕೊನೆ, ದೀಪಾವಳಿಗೆ ಮುಂಚಿನ ಹದಿನೈದು ದಿನ. ಕಲ್ಲಿನ ಅರ್ಧ ತಾರೀಖು, ಅತ್ತೆಯ ಅಜ್ಜಿಯ ಮಾತು, ರೋಗದ ಇತಿಹಾಸ ಮೂರೂ ಕೂಡಿದಾಗ ನಾಲ್ಕು ಜನ ತಮ್ಮ ವರ್ಷಕ್ಕೆ ಬಂದು ಕುಳಿತರು. ಅತ್ತೆ ಇಲ್ಲದಿದ್ದರೆ ನಾನು ವಹಿಯಲ್ಲಿ 1858 ಅಥವಾ 1918 ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ.

ಕಲ್ಲಿಲ್ಲದ ಹತ್ತು ಜನರ ಪೈಕಿ ಏಳು ಕೂಸುಗಳು. ಅವರನ್ನು ಬಾಂದಿನ ಅಂಚಿನಲ್ಲಿ ಹೂಳಿ, ಒಂದು ಉರುಟು ಕಲ್ಲು ಇಟ್ಟು, ಆ ಕಲ್ಲು ಮುಂದೆ ರಂಟೆಗೆ ಸಿಕ್ಕಿ ಎತ್ತಲೋ ಹೋಗಿದೆ. ಅವರ ಹೆಸರು ಯಾವ ಗಂಡಸಿಗೂ ಗೊತ್ತಿಲ್ಲ. ಅತ್ತೆಗೆ ಐದು ಹೆಸರು ಗೊತ್ತು. ಇಬ್ಬರಿಗೆ ತೊಟ್ಟಿಲು ಹಾಕುವ ಮೊದಲೇ ಹೋದದ್ದರಿಂದ ಹೆಸರೇ ಇರಲಿಲ್ಲ. ಅವುಗಳಿಗೆ ವಹಿಯಲ್ಲಿ ತಾಯಿಯ ಹೆಸರು ಬರೆದು 'ಕೂಸು' ಎಂದು ಬರೆದಿದ್ದೇನೆ. ಇನ್ನಿಬ್ಬರು ಬಾಣಂತಿತನದಲ್ಲಿ ಹೋದ ಸೊಸೆಯಂದಿರು. ಉಳಿದ ಒಬ್ಬರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಅತ್ತೆ ಆ ಜಾಗಕ್ಕೆ ಬಂದು ನಿಂತು ಬಹಳ ಹೊತ್ತು ಯೋಚಿಸಿ, "ಇಲ್ಲಿ ಒಬ್ಬರಿದ್ದಾರೆ, ನಮ್ಮ ಅವ್ವ ಇಲ್ಲಿ ಕಾಲಿಡಬೇಡ ಎನ್ನುತ್ತಿದ್ದಳು" ಎಂದಷ್ಟೇ ಹೇಳಿದರು. 23ನೆಯ ಸಂಖ್ಯೆಯ ಮುಂದೆ ಆ ಮಾತನ್ನೇ ಬರೆದಿದ್ದೇನೆ.

ಆದ್ದರಿಂದ ನಿಮ್ಮ ವಹಿಯನ್ನು ಕಲ್ಲಿನಿಂದ ಆರಂಭಿಸಬೇಡಿ. ಕಲ್ಲು ಇನ್ನೂ ಹತ್ತು ವರ್ಷ ಕಾಯುತ್ತದೆ. ಊರಿನಲ್ಲಿ ಎಂಬತ್ತು ದಾಟಿದ ಹೆಣ್ಣುಮಕ್ಕಳು ಎಷ್ಟು ಜನರಿದ್ದಾರೆ ಎಣಿಸಿ, ಅವರನ್ನು ಮೊದಲು ಹೊಲಕ್ಕೆ ಕರೆದುಕೊಂಡು ಹೋಗಿ. ಮನೆಯಲ್ಲಿ ಕೂಡಿಸಿ ಕೇಳಿದರೆ ನೆನಪಾಗುವುದಿಲ್ಲ. ಕಾಲು ಆ ಮಣ್ಣಿಗೆ ತಾಗಬೇಕು. ಮದುವೆಯಾಗಿ ಬೇರೆ ಊರಿಗೆ ಹೋದವರನ್ನೂ ಕರೆಸಿ. ನಮ್ಮ ಅತ್ತೆಯೂ ಅಫಜಲಪುರದ ಕಡೆ ಕೊಟ್ಟವರು, ಹಬ್ಬಕ್ಕೆಂದು ಬಂದವರು.

ಅವರಷ್ಟೇ ತಿಳಿದ ಇನ್ನೊಬ್ಬರು ಪ್ರತಿ ಊರಿನಲ್ಲಿಯೂ ಇದ್ದಾರೆ, ಅವರನ್ನು ನಾವು ಕೇಳುವುದಿಲ್ಲ. ಕುಣಿ ತೋಡುವವರು. ನಮ್ಮ ಊರಿನಲ್ಲಿ ಆ ಕೆಲಸ ಮಾಡುತ್ತ ಬಂದ ಮನೆತನದ ಹಿರಿಯರಿಗೆ ಎಪ್ಪತ್ತು ದಾಟಿದೆ. ಹೊಸ ಕುಣಿ ಎಲ್ಲಿ ತೆಗೆಯಬಾರದು ಎಂಬುದು ಅವರ ತಂದೆ ಅವರಿಗೆ ಕಲಿಸಿದ ವಿದ್ಯೆ. ಗುದ್ದಲಿಗೆ ಸಡಿಲ ಮಣ್ಣು ಸಿಕ್ಕರೆ ನಿಲ್ಲಿಸಿ ಒಂದು ಮೊಳ ಆಚೆ ಸರಿಯುತ್ತಾರೆ. ನಮ್ಮ ಹೊಲದಲ್ಲಿ ಮೂರು ಜಾಗಗಳನ್ನು ಅವರು ಗುರುತಿಸಿದರು, ಮೂರೂ ಅತ್ತೆಯ ಮಾತಿಗೆ ಕೂಡಿಬಂದವು. ಕೆಲಸ ಮುಗಿದ ಮೇಲೆ ಚಹಾ ಕುಡಿಯುತ್ತ ಅವರು, "ಮಾಸ್ತರರೇ, ನಿಮ್ಮವರನ್ನು ಬರೆದಿರಿ. ನಮ್ಮವರನ್ನು ಯಾವಾಗ?" ಎಂದರು. ಹೊಲವಿದ್ದವರು ಹೊಲದಲ್ಲಿ ಹೂಳುತ್ತಾರೆ. ಇಲ್ಲದವರು ಹಳ್ಳದ ದಂಡೆಯಲ್ಲಿ, ಗಾಯರಾಣದ (ಗೋಮಾಳದ) ಅಂಚಿನಲ್ಲಿ ಹೂಳುತ್ತಾರೆ. ಆ ಜಾಗ ಅವರ ಹೆಸರಿನಲ್ಲಿಲ್ಲ, ಹಳ್ಳ ಬಂದರೆ ಒಯ್ಯುತ್ತದೆ, ಯಾವುದೋ ಯೋಜನೆ ಬಂದರೆ ಒತ್ತುತ್ತದೆ. ನಾನು ಮೊದಲು ಈ ಪತ್ರಕ್ಕೆ ನಮ್ಮ ಹೊಲಗಳ ಸಮಾಧಿ ಎಂದೇ ತಲೆಬರಹ ಹಾಕಿದ್ದೆ, ಆ ಚಹಾದ ನಂತರ ಕಿತ್ತು ಹಾಕಿದೆ. ಪಂಚಾಯತಿಯ ವಹಿ ಎಂದರೆ ಎಲ್ಲರ ವಹಿ. ದಲಿತರ ಹಳ್ಳದ ದಂಡೆ, ಮುಸಲ್ಮಾನರ ಖಬರಸ್ತಾನ, ಕುರುಬರ ಬೀಡು ಎಲ್ಲವೂ ಬರಬೇಕು. ಹಳ್ಳದ ದಂಡೆಯಿಂದಲೇ ಆರಂಭಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಕಾಯುವ ಹೊತ್ತು ಕಡಿಮೆ.

ಸರಕಾರದ ಹಳೆಯ ದಫ್ತರ ಇದೆಯಲ್ಲ ಎಂದು ಕೇಳುವವರಿದ್ದಾರೆ. ಜನನ ಮರಣ ನೋಂದಣಿಯ ಈಗಿನ ಕಾಯ್ದೆ 1969ರದು. ಅದಕ್ಕೂ ಹಿಂದಿನದು ಬೇಕೆಂದರೆ ಊರಿನ ಹುಟ್ಟು ಸಾವು ಬರೆದಿಡುತ್ತಿದ್ದ ಗಾವ ನಮೂನೆ 14, ಜನ ಹೇಳುವ ಕೋತವಾಲ ಪುಸ್ತಕ. 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಮರಾಠರ ಮೀಸಲಾತಿಯ ಸಲುವಾಗಿ ಕುಣಬಿ ಜಾತಿಯ ನೋಂದಣಿಗಳನ್ನು ಹುಡುಕಲು ಹೊರಟಾಗ ಆ ಪುಸ್ತಕಗಳ ಧೂಳು ಕೊಡವಿದರು, ಮೋಡಿ (ಮರಾಠಿಯ ಹಳೆಯ ಲಿಪಿ) ಓದಬಲ್ಲವರಿಗೆ ಎಲ್ಲಿಲ್ಲದ ಬೆಲೆ ಬಂತು. ಬಾಳಿ ಉಳಿದ ಪುಸ್ತಕ ಸಿಕ್ಕವರ ಪುಣ್ಯ. ಸಿಕ್ಕರೂ ಅದರಲ್ಲಿ ಸತ್ತವರು ಯಾರು, ಎಂದು ಎಂಬುದು ಇರುತ್ತದೆ. ಎಲ್ಲಿ ಹೂಳಿದರು ಎಂಬುದು ಇರುವುದಿಲ್ಲ.

ಭಾಷೆಯ ಮಾತು ಬಿಟ್ಟರೆ ಪತ್ರ ಅಪೂರ್ಣ. ನಮ್ಮ 12 ಅಕ್ಷರದ ಕಲ್ಲುಗಳಲ್ಲಿ 8 ಕನ್ನಡ, 1 ಎರಡೂ ಭಾಷೆ, 3 ದೇವನಾಗರಿ. ಅಕ್ಕಲಕೋಟ ಸಂಸ್ಥಾನ 1948ರಲ್ಲಿ ವಿಲೀನವಾಯಿತು, 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ನಮ್ಮ ಹೊಲದ ಕಲ್ಲುಗಳು ಮರಾಠಿಗೆ ತಿರುಗಿದ್ದು ಅದರ ನಂತರ, ನಿಧಾನವಾಗಿ, ಯಾರೂ ಹೇಳದೆ. ಮನೆಯಲ್ಲಿ ಕನ್ನಡವೇ ಮಾತಾಡುವ ನನ್ನ ಮೊಮ್ಮಗನಿಗೆ ಮುತ್ತ್ಯಾನ ಕಲ್ಲು ಓದಲು ಬರುವುದಿಲ್ಲ. ನನಗೆ ಇದರಲ್ಲಿ ಗಡಿಯ ಜಗಳ ಎಬ್ಬಿಸುವುದು ಬೇಕಿಲ್ಲ, ಆ ಕೆಲಸಕ್ಕೆ ಬೇರೆಯವರಿದ್ದಾರೆ. ಕಲ್ಲಿನ ಪಾಠವನ್ನು ಕಲ್ಲಿನ ಲಿಪಿಯಲ್ಲಿಯೇ ಬರೆದು, ಪಕ್ಕದಲ್ಲಿ ಇನ್ನೊಂದು ಲಿಪಿಯಲ್ಲಿಯೂ ಬರೆಯಿರಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ಇನ್ನೂ ಉಳಿದಿರುವ ಊರಿನಲ್ಲಿ ಆರು, ಏಳನೆಯ ತರಗತಿಯ ಮಕ್ಕಳಿಗೆ ಈ ಕೆಲಸ ಕೊಡಿ. ತಮ್ಮನ ಮಗಳು, ಏಳನೆಯ ತರಗತಿಯವಳು, ನಾನು 'ರಾ' ಎಂದು ಓದಿದ್ದನ್ನು 'ಠಾ' ಎಂದು ತಿದ್ದಿದಳು. ಅವಳೇ ಸರಿ.

ಸೋಲಾಪುರದ ಸಿದ್ಧೇಶ್ವರ ಗುಡಿಯ ಅಂಗಳದಲ್ಲಿ 12ನೆಯ ಶತಮಾನದ ಸಿದ್ಧರಾಮರ ಸಮಾಧಿಯಿದೆ. ಅಕ್ಕಲಕೋಟದಲ್ಲಿ 1878ರಲ್ಲಿ ದೇಹ ಬಿಟ್ಟ ಸ್ವಾಮಿ ಸಮರ್ಥರ ಸಮಾಧಿ ಮಠವಿದೆ. ಅವರಿಗೆ ವಹಿ ಬೇಕಿಲ್ಲ, ದಿನವೂ ಹೂ ಇಡುವವರಿದ್ದಾರೆ. 1972ರ ಬರದಲ್ಲಿ ರೋಜಗಾರ ಕೆಲಸಕ್ಕೆ ಕಲ್ಲು ಒಡೆಯಲು ಹೋಗಿ, ಸುಕಡಿ (ಬರಗಾಲದಲ್ಲಿ ಹಂಚುತ್ತಿದ್ದ ಹಿಟ್ಟು) ತಿಂದು ನಮ್ಮನ್ನು ಸಾಕಿದ ನಮ್ಮ ಅವ್ವನಂಥವರಿಗೆ ಬೇಕು.

ಕೊನೆಗೆ ಕಾಗದದ ದಾರಿ. ಹೊಲ ವಾಟಣಿ (ಪಾಲು) ಮಾಡುವಾಗ, ಮಾರುವಾಗ ಪತ್ರದಲ್ಲಿ ಒಂದು ವಾಕ್ಯ ಬರೆಸಿ: ಈ ಗಟ್ಟಿನ ಇಂಥ ಮೂಲೆಯ ಇಷ್ಟು ಗುಂಟೆಯಲ್ಲಿ ಇಂಥ ಮನೆತನದ ಸಮಾಧಿಗಳಿದ್ದು, ಆ ಜಾಗವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಕಾಯ್ದಿಡಲಾಗಿದೆ. ನೋಂದಣಿಯಾದ ಪತ್ರದಲ್ಲಿ ಆ ವಾಕ್ಯ ಇದ್ದರೆ ಫೇರಫಾರ (ದಾಖಲೆಯಲ್ಲಿ ಹೆಸರು ಬದಲಾವಣೆ) ಆಗುವಾಗ ಉತಾರದ 'ಇತರ ಹಕ್ಕು' ಕಾಲಮಿನಲ್ಲಿ ಅದನ್ನು ದಾಖಲಿಸಲು ತಲಾಠಿಯವರನ್ನು (ಊರಿನ ಭೂದಾಖಲೆ ನೋಡುವವರನ್ನು) ಕೇಳಲು ಆಧಾರ ಇರುತ್ತದೆ. ವಾಕ್ಯ ಇಲ್ಲದೆ ಬರಿಗೈಯಲ್ಲಿ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ. ನಾಲ್ಕು ಸಲ ಹೋದೆ, ನಾಲ್ಕು ಸಲವೂ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ನಮೂನೆಯಲ್ಲಿ ಜಾಗವಿಲ್ಲ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಗ್ರಾಮಸಭೆಯ ಠರಾವು ಮತ್ತು ವಹಿಯ ಪ್ರತಿ ಕೈಯಲ್ಲಿದ್ದರೆ ಐದನೆಯ ಸಲ ಮಾತು ಬೇರೆಯಾಗಬಹುದು. ದರ ಕಡಿಮೆಯಾಗುತ್ತದೆ ಎಂದು ಮುಚ್ಚಿಡುವ ಭಾವಕಿಯವರಿಗೆ ಒಂದು ಮಾತು: ಎರಡು ಗುಂಟೆಯ ಬೆಲೆಯನ್ನು ನಮ್ಮ ಕಡೆಯಿಂದ ಕೂಡಿಸಿ ಕೊಡುತ್ತೇವೆ, ಮೊದಲು ಹೇಳಿ.

ಹಳ್ಳದ ದಂಡೆಯಲ್ಲಿ ರಾಶಿ ಬಿದ್ದಿದ್ದ ಕಲ್ಲುಗಳನ್ನು ಹೊಲ ಕೊಂಡವರು ತಮ್ಮ ಟ್ರ್ಯಾಕ್ಟರಿನಲ್ಲಿಯೇ ನಮ್ಮ ಹೊಲಕ್ಕೆ ತಂದುಕೊಟ್ಟರು. ಯಾವ ಕಲ್ಲು ಎಲ್ಲಿತ್ತು ಎಂದು ಈಗ ಹೇಳುವವರಿಲ್ಲವಾದ್ದರಿಂದ ಬೇವಿನ ಗಿಡಕ್ಕೆ ಆನಿಸಿ ಸಾಲಾಗಿ ನಿಲ್ಲಿಸಿದ್ದೇವೆ. ವಹಿಯಲ್ಲಿ ಅವುಗಳಿಗೆ ಬೇರೆ ಪುಟವಿದೆ. ಪಾಠ ಬರೆದಿದ್ದೇನೆ, ಜಾಗದ ಕಾಲಮು ಖಾಲಿ ಬಿಟ್ಟಿದ್ದೇನೆ.

ಈ ಸಲದ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವಾಗ ಬುತ್ತಿಯ ಸಂಗಡ ಒಂದು ವಹಿ ಒಯ್ಯಲು ನಿಮ್ಮ ಊರಿನವರಿಗೆ ದವಂಡಿ (ಡಂಗುರ) ಹೊಡೆಸಿ. ನಂತರ ಬರುವ ಜನವರಿ 26ರ ಗ್ರಾಮಸಭೆಯ ವಿಷಯಪತ್ರಿಕೆಯಲ್ಲಿ ಇದೊಂದು ವಿಷಯ ಹಾಕಿ. ಯಾವ ಊರಿನವರು ಕರೆದರೂ ನಾನು ನಮ್ಮ ವಹಿ ತೋರಿಸಲು ಬರುತ್ತೇನೆ. ಟೇಪು ಮಾತ್ರ ನಿಮ್ಮ ಶಾಲೆಯಿಂದ ತನ್ನಿ, ನಮ್ಮ ಶಾಲೆಯದನ್ನು ಹಿಂದಿರುಗಿಸಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಕನ್ನಡ ಶಾಲೆ ಮಾಸ್ತರ
ಅಕ್ಕಲಕೋಟ ತಾಲೂಕು, ಸೋಲಾಪುರ ಜಿಲ್ಲೆ